ಗುಂಡು ತಿಂದಾಂವ ಬದುಕಿದ್ನೋ ಇಲ್ಲೋ

ಲಗ್ನಾದ ಹೊಸದಾಗಿ ನಮ್ಮ ಅಪ್ಪ ಅವ್ವ ರೋಣದ ಟೆಂಟಿನ್ಯಾಗ ಒಂದು ಇಂಗ್ಲಿಷ್ ಸಿನಿಮಾ ನೋಡಿದ್ರು. ಅಮೇರಿಕಾದ ಕುದುರಿ ಸವಾರರ ಕಥಿ. ಟೊಪಗಿ, ಬಂದೂಕು, ಬಯಲು, ಧೂಳು. ಇಬ್ಬರಿಗೂ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ. ಆದ್ರ ಬಯಲು, ಧೂಳು ನಮ್ಮ ಕಡೆ ಮಂದಿಗೇನ ಹೊಸಾದಲ್ಲ ಬಿಡ್ರಿ, ಎಲ್ಲಾ ತಿಳೀತು ಅಂತಿದ್ರು.

ಆಗ ನರಗುಂದಕ್ಕೂ ರೋಣಕ್ಕೂ ಸೇರಿ ಸಿನಿಮಾದ್ದು ಒಂದ ಪ್ರತಿ. ಮಧ್ಯಾಹ್ನ ನರಗುಂದದಾಗ ಆಟ ನಡದಂಗ ನಡದಂಗ ರೀಲಿನ ಡಬ್ಬಿ ಬಸ್ಸಿಗೆ ಹಾಕಿ ರೋಣಕ್ಕ ಕಳಸ್ತಿದ್ರು. ಕಡೀ ಡಬ್ಬಿ ಕಡೀ ಬಸ್ಸಿಗೆ. ಅವತ್ತ ಬೆಣ್ಣಿಹಳ್ಳ ತುಂಬಿ ಬಂದು ಆ ಬಸ್ಸು ಆಚೀ ದಂಡಿಗೇ ನಿಂತಬಿಡ್ತು. ಇಲ್ಲೆ ಟೆಂಟಿನ್ಯಾಗ ಹೀರೋ ಒಬ್ಬನೇ ನಾಕ ಮಂದಿ ಎದುರಿಗೆ ನಿಂತಾನ, ಅಷ್ಟರಾಗ ಪಡದೆ ಬೆಳ್ಳಗಾತು. ಮಂದಿ ಸೀಟಿ ಹೊಡದ್ರು, ಬೈದ್ರು. ಕಡೀಕ ಟೆಂಟಿನ ಮಾಲೀಕನೇ ಮುಂದ ಬಂದು, ತಾ ನರಗುಂದದಾಗ ನೋಡಿದ್ದ ಕಥಿ ಹೇಳಿದ: "ನಾಕೂ ಮಂದೀನ ಕೆಡವಿದನ್ರೀ. ಅವಂಗೂ ಗುಂಡು ಬಡೀತು. ಕುದುರಿ ಹತ್ತಿ ಗುಡ್ಡದ ಕಡೆ ಹ್ವಾದ. ಇಷ್ಟ ಐತ್ರಿ, ಏಳ್ರಿನ್ನ." ಮರುದಿನ ಡಬ್ಬಿ ಎಲ್ಲಾ ಹುಬ್ಬಳ್ಳಿಗೆ ಹ್ವಾದ್ವು.

ಮನೀಗೆ ಬರೂ ಹಾದ್ಯಾಗ ಶುರುವಾದ ಜಗಳ ಅದು. ಅಂವ ಬದುಕ್ಯಾನ ಅಂತ ಅಪ್ಪ, ಸತ್ತಾನ ಅಂತ ಅವ್ವ. ನಾ ಹುಟ್ಟಿ, ಸಾಲಿ ಕಲ್ತು, ಲಗ್ನಾಗಿ ಗಜೇಂದ್ರಗಡಕ್ಕ ಬಂದು ಸೀರಿ ಅಂಗಡಿ ಇಟ್ರೂ ಅದು ಮುಗೀಲಿಲ್ಲ. ಅವ್ವ ರೊಟ್ಟಿ ಬಡಕೋತನ ಕೇಳ್ತಿದ್ಲು, "ಅಲ್ರೀ, ಆ ಗುಡ್ಡದಾಗ ದವಾಖಾನಿ ಎಲ್ಲೈತಿ?" ಅಪ್ಪ ಕಡ್ಲಿ ವ್ಯಾಪಾರ ಮುಗಿಸಿ ಬಂದಾಂವ ತಾಟಿನ ಮುಂದ ಕುಂತು, "ಕುದುರಿ ಹತ್ತೂ ಶಕ್ತಿ ಇತ್ತಂದ್ರ ಜೀವ ಗಟ್ಟಿ ಇತ್ತಂತ ತಿಳಕೊ" ಅಂತಿದ್ದ. ಪಲ್ಯಾಕ ಉಪ್ಪು ಹೆಚ್ಚಾದ ದಿನಾನೂ ಅದ, ಹಬ್ಬದ ದಿನಾನೂ ಅದ. ನಂಗ ತಲಿ ಚಿಟ್ಟ ಹಿಡೀತಿತ್ತು. ಈಗ ಆ ಜಗಳ ಕೇಳಾಕ ಕಿವಿ ಹಂಬಲಸ್ತಾವ, ಅದನ್ನೂ ಹೇಳಿಬಿಡ್ತೀನಿ.

ಹ್ವಾದ ವರ್ಷ ಅವ್ವ ಗದಗಿನ ದವಾಖಾನ್ಯಾಗ ಮಲಗಿದ್ಲು. ಅಪ್ಪ ಅಕಿ ಕೈ ಹಿಡಕೊಂಡು, "ಗುಂಡು ತಿಂದಾಂವನೇ ಬದುಕಿದ, ನಿಂದೇನ ಅದಕ್ಕಿಂತ ಹೆಚ್ಚಿನ ಬ್ಯಾನಿ?" ಅಂದ. ಅವ್ವ ಕಣ್ಣ ತಗೀದೇ, "ಅಂವ ಸತ್ತಾನ್ರೀ" ಅಂದ್ಲು. ತುಟಿ ಮ್ಯಾಲೆ ಸಣ್ಣ ನಗಿ ಇತ್ತು. ಆ ವಾರಾನ ಹೋಗಿಬಿಟ್ಲು.

ಅಪ್ಪನ್ನ ನಮ್ಮನಿಗೆ ಕರಕೊಂಡು ಬಂದೆ. ಅಂವ ಮಾತ ಬಿಟ್ಟುಬಿಟ್ಟಿದ್ದ. ಉಣ್ಣು ಅಂದ್ರ ಉಣ್ತಿದ್ದ, ಮಲಗು ಅಂದ್ರ ಮಲಗ್ತಿದ್ದ. ಹೇಳಿದಂಗ ಕೇಳೂ ಅಪ್ಪನ್ನ ತಗೊಂಡು ನಾ ಏನ ಮಾಡ್ಲಿ? ನಂಗ ವಾದ ಹಾಕೂ ಅಪ್ಪ ಬೇಕಾಗಿದ್ದ.

ಆ ಸಿನಿಮಾದ ಹೆಸರು ಅಪ್ಪನ ಬಾಯಾಗ ಕೇಳಿ ಕೇಳಿ ನಂಗ ಬಾಯಿಪಾಠ ಆಗಿತ್ತು. ಫೋನಿನ್ಯಾಗ ಹುಡುಕಿದೆ. ಹಳೇದು ಸಿಗಲಿಲ್ಲ. ಅದರ ಮುಂದಿನ ಭಾಗ ಸಿಕ್ತು, ಎಷ್ಟೋ ವರ್ಷದ ಮ್ಯಾಲೆ ಬರೇ ಟಿವಿ ಸಲುವಾಗಿ ಮಾಡಿದ್ದಂತ. ಹೀರೋನ ಹೆಸರು ಅದೇ, ಆದ್ರ ಈಗ ಮುದುಕ. ಅಂದ್ರ ಬದುಕ್ಯಾನ. ನಂಗ ಎಷ್ಟ ಹಿಗ್ಗಾತಂದ್ರ, ಅಂಗಡಿ ಲಗೂನ ಬಾಗಲಾ ಹಾಕಿ ಮನೀಗೆ ಓಡಿದೆ.

ಟಿವಿಗೆ ಹಚ್ಚಿ ಅಪ್ಪನ್ನ ಮುಂದ ಕುಂದರಿಸಿದೆ. ಭಾಳ ಕಡಿಮಿ ರೊಕ್ಕದ ಸಿನಿಮಾ ಅದು. ಹಿಂಡಗಟ್ಟಲೆ ಇದ್ದ ಕುದುರಿ ಈಗ ಮೂರೋ ನಾಕೋ. ನಟನೂ ಬ್ಯಾರೆ, ಹೊಟ್ಟಿ ಬ್ಯಾರೆ ಬಂದೈತಿ. ಒಂದ ಕಡೆ ಅಂವ ಅಂಗಿ ಬಿಚ್ಚಿ, ಪಕ್ಕೆಲುಬಿನ ಮ್ಯಾಲಿನ ಹಳೇ ಗುಂಡಿನ ಗಾಯದ ಕಲೆ ತೋರಿಸಿದ. ಅಪ್ಪ ಮುಂದ ಬಗ್ಗಿ ನೋಡಿದ.

"ನೋಡಪಾ, ಬದುಕ್ಯಾನ" ಅಂದೆ. "ನೀ ಗೆದ್ದಿ. ಅವ್ವ ಸೋತ್ಲು."

"ಹೌದು, ಬದುಕ್ಯಾನ" ಅಂದ ಅಪ್ಪ. ಧ್ವನಿಯೊಳಗ ಹುರುಪ ಇರಲಿಲ್ಲ. "ಗೆದ್ದೆ ಅಂತ ಯಾರ ಮುಂದ ಹೇಳ್ಲಿ ಮಗಳ?" ಅಂದ.

ಅಪ್ಪ ತಾನೇ ರಿಮೋಟ್ ಹುಡುಕಿ ಟಿವಿ ಬಂದ್ ಮಾಡಿದ.

"ಯಾರಾದ್ರೂ ಕೇಳಿದ್ರ ಅಂವ ಸತ್ತಾನ ಅಂತನ ಹೇಳು. ನಿಮ್ಮವ್ವನ ಮಾತ ನಡೀಲಿ."