ಅತ್ತೆಯ ಕರಡಿಗೆ, ನನ್ನ ಮೆಟಲ್ ಡಿಟೆಕ್ಟರ್

ಹೆಂಗಸರು ಆನ್‌ಲೈನ್‌ನಲ್ಲಿ ಏನು ತರಿಸುತ್ತಾರೆ? ಸೀರೆ, ನೈಟಿ, ಹೆಚ್ಚೆಂದರೆ ಒಂದು ದೋಸೆ ಹಂಚು. ನಾನು ಐವತ್ತಾರನೇ ವಯಸ್ಸಿನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿದೆ. ಯಾವುದೋ ದೇಶದ ಒಬ್ಬ ಮುದುಕಿ ಹೊಲದಲ್ಲಿ ನಡೆಯುತ್ತಾ, ಕೋಲಿನ ತುದಿಯ ತಟ್ಟೆಯನ್ನು ನೆಲದ ಮೇಲೆ ಆಡಿಸುತ್ತಾ, ಹಳೆಯ ನಾಣ್ಯ ತೆಗೆದು ಮೊಮ್ಮಗುವಿಗೆ ತೋರಿಸಿದಂತೆ ಮೊಬೈಲಿಗೆ ತೋರಿಸುವ ವಿಡಿಯೋಗಳನ್ನು ಒಂದು ವರ್ಷ ನೋಡಿದ್ದೆ. ನೋಡಿ ನೋಡಿ ಕೈ ಕಡಿಯತೊಡಗಿತು. ಮಕ್ಕಳು ಕಳಿಸಿದ್ದ ಹಬ್ಬದ ದುಡ್ಡು ಕೈಯಲ್ಲಿತ್ತು, ಒತ್ತಿಯೇಬಿಟ್ಟೆ.

ಡಬ್ಬ ಬಂದ ದಿನ ಯಜಮಾನರು ನಿಧಿ ಸಿಕ್ಕರೆ ತಮಗೂ ಒಂದು ಪಾಲು ಇಡು ಎಂದು ಹೇಳಿ ಅಂಗಡಿಗೆ ಹೋದರು. ಅತ್ತೆ ಮಾತ್ರ ಡಬ್ಬದ ಸುತ್ತ ಎರಡು ಸಲ ತಿರುಗಿ, ಇದರಲ್ಲಿ ಕಸ ಹೊಡೆಯಬಹುದಾ ಎಂದು ಕೇಳಿದರು. ಆಗದು ಎಂದೆ. ಹಾಗಾದರೆ ಯಾಕೆ ಬೇಕಿತ್ತು ಎಂದು ಒಳಗೆ ಹೋದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಕಲಿಯುವುದು ಸುಲಭ ಅಂದುಕೊಂಡಿದ್ದೆ. ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಮನೆಯ ತಾರಸಿಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಮಿಷನ್ ಆನ್ ಮಾಡಿ ಆಡಿಸಿದೆ. ಬಾಯಿ ಮುಚ್ಚಲೇ ಇಲ್ಲ ಅದು. ಎಲ್ಲಿ ಹಿಡಿದರೂ ಕೂಗು. ಕೆಟ್ಟ ಮಾಲು ಕಳಿಸಿದ್ದಾರೆ ಎಂದು ಕಂಪನಿಗೆ ಫೋನ್ ಮಾಡಿ ಹತ್ತು ನಿಮಿಷ ಬೈದೆ. ಆ ಕಡೆಯ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, ಮೇಡಂ ನೀವು ಎಲ್ಲಿ ನಿಂತಿದ್ದೀರಿ ಅಂತ ಕೇಳಿದಳು. ತಾರಸಿ ಎಂದೆ. ಸ್ಲ್ಯಾಬಿನಲ್ಲಿ ಕಬ್ಬಿಣದ ಸರಳು ಇರುತ್ತವಲ್ಲ ಮೇಡಂ ಎಂದಳು. ನಾನು ಫೋನ್ ಇಟ್ಟುಬಿಟ್ಟೆ.

ಆಮೇಲೆ ಪಕ್ಕದ ಖಾಲಿ ಸೈಟಿಗೆ ಇಳಿದೆ. ತಟ್ಟೆಯನ್ನು ನೆಲದಿಂದ ಒಂದು ಬೆರಳೆತ್ತರದಲ್ಲಿ, ಸಾರಿಸುವಂತೆ ನಿಧಾನವಾಗಿ ಆಡಿಸಬೇಕು. ಕಬ್ಬಿಣಕ್ಕೆ ದಪ್ಪ ದನಿ, ಬೆಳ್ಳಿ ತಾಮ್ರಕ್ಕೆ ಸಣ್ಣ ಚೂಪು ದನಿ. ಇಷ್ಟು ಕಲಿಯಲು ಎರಡು ವಾರ ಹಿಡಿಯಿತು. ಸಿಕ್ಕಿದ್ದು ಸೋಡಾ ಮುಚ್ಚಳ, ಮೊಳೆ, ಗುಟ್ಕಾ ಚೀಟಿ, ಒಂದು ಸೈಕಲ್ ಬೆಲ್ಲಿನ ಟೋಪಿ. ಆ ಟೋಪಿಯನ್ನು ತೊಳೆದು ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಅತ್ತೆ ಅದನ್ನು ನೋಡಿ ಏನೂ ಅನ್ನಲಿಲ್ಲ, ಅದೇ ದೊಡ್ಡ ಮಾತು.

ಅಷ್ಟರಲ್ಲಿ ಸೀಗೆ ಹುಣ್ಣಿಮೆ ಬಂತು. ನಂದಿಗುಡಿಯಲ್ಲಿ ನಮಗೊಂದು ತುಂಡು ಗದ್ದೆ ಇದೆ, ಊರಿನವರೊಬ್ಬರು ಕೋರಿಗೆ, ಅಂದರೆ ಬೆಳೆಯಲ್ಲಿ ಪಾಲಿಗೆ, ಮಾಡುತ್ತಾರೆ. ಹುಣ್ಣಿಮೆಯ ದಿನ ಹೊಟ್ಟೆಯೊಳಗೆ ತೆನೆ ಇಟ್ಟುಕೊಂಡ ಪೈರಿಗೆ ಬಸುರಿ ಎಂದು ಪೂಜೆ ಮಾಡಿ, ಬುತ್ತಿಯ ಅನ್ನವನ್ನು ಸುತ್ತಲೂ ಎರಚುತ್ತೇವೆ. ಚರಗ ಚೆಲ್ಲುವುದು ಅಂತಾರೆ. ನಮ್ಮ ಮನೆಯಲ್ಲಿ ಆ ಕೆಲಸ ಅತ್ತೆಯದೇ. ಎಪ್ಪತ್ತೆಂಟರ ಮುದುಕಿ ಸೀರೆ ಎತ್ತಿ ಕಟ್ಟಿ ನಾಲ್ಕೂ ಬದುವಿನ ಮೇಲೆ ನಡೆದರು. ಉಂಡು, ಸಂಜೆ ಕಾರಿನಲ್ಲಿ ದಾವಣಗೆರೆಗೆ ಬಂದೆವು.

ಮರುದಿನ ಬೆಳಿಗ್ಗೆ ಅತ್ತೆ ಚಾ ಬೇಡ ಎಂದರು. ಹೊಟ್ಟೆ ಸರಿಯಿಲ್ಲ ಎಂದರು. ಮಧ್ಯಾಹ್ನವೂ ಉಣ್ಣಲಿಲ್ಲ. ಅವರಿಗೆ ಶುಗರ್ ಇದೆ, ಊಟ ತಪ್ಪಿದರೆ ಕೈ ನಡುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಸಂಜೆ ನಾನು ಗಂಜಿ ಮಾಡಿಕೊಂಡು ಹೋಗಿ, ಕುಡಿಯದಿದ್ದರೆ ನಿಮ್ಮ ಮಗನಿಗೆ ಫೋನ್ ಹಚ್ಚುತ್ತೇನೆ ಎಂದು ದನಿ ಏರಿಸಿದೆ. ಅತ್ತೆ ಸೆರಗನ್ನು ಸ್ವಲ್ಪ ಸರಿಸಿದರು. ಎದೆಯ ಮೇಲೆ ಬೆಳ್ಳಿಯ ಕರಡಿಗೆ ಇರಲಿಲ್ಲ.

ಅವರ ಇಷ್ಟಲಿಂಗ ಇರುತ್ತಿದ್ದುದು ಅದರೊಳಗೆ. ಬೆಳಿಗ್ಗೆ ಮಿಂದು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೆಯೇ ಅವರು ಬಾಯಿಗೆ ಏನಾದರೂ ಹಾಕುವುದು. ನಾನು ಈ ಮನೆಗೆ ಬಂದ ಮೂವತ್ತೆರಡು ವರ್ಷಗಳಲ್ಲಿ ಒಂದು ದಿನವೂ ತಪ್ಪಿಲ್ಲ, ಆಪರೇಷನ್ ಆದ ಮರುದಿನವೂ. ನನ್ನದು ದೇವರ ಗೂಡಿನಲ್ಲಿರುತ್ತದೆ, ನೆನಪಾದಾಗ ಪೂಜೆ. ಅವರ ಹಟ ನನಗಿಲ್ಲ.

ದಾರ ಹಳೆಯದಾಗಿತ್ತಂತೆ. ಬದಲಿಸಬೇಕು ಬದಲಿಸಬೇಕು ಅನ್ನುತ್ತಲೇ ಇದ್ದರಂತೆ. ಗದ್ದೆಯಲ್ಲೇ ಬಿದ್ದಿರಬೇಕು. ಮಗನಿಗೆ ಹೇಳಬೇಡ ಎಂದು ಕೈ ಹಿಡಿದುಕೊಂಡರು. ಹೇಳಿದರೆ ಅವನು ನೆಟ್ಟಗೆ ಮಠಕ್ಕೆ ಹೋಗಿ ಹೊಸದು ಕಟ್ಟಿಸೋಣ ಅನ್ನುತ್ತಾನೆ, ತಪ್ಪೇನೂ ಅಲ್ಲ ಅದು, ಆದರೆ ತನಗೆ ಆಗದು ಎಂದರು.

"ಹಾಲು ಕುಡಿಯೋ ಕೂಸಿದ್ದಾಗಿಂದ ನನ್ನ ಎದಿ ಮ್ಯಾಲೆ ಐತೆ. ನಮ್ಮವ್ವ ಹೋದ್ಲು, ನಿಮ್ಮ ಮಾವ ಹೋದ್ರು. ಅದೊಂದೇ ಉಳಿದಿತ್ತು."

ಆ ರಾತ್ರಿ ಯಜಮಾನರಿಗೆ ಬಡಿಸಿದೆ. ನನ್ನದಾಯಿತು ಎಂದೆ. ಆಗಿರಲಿಲ್ಲ. ನನ್ನ ತಾಟನ್ನು ಮುಟ್ಟಲೇ ಇಲ್ಲ. ನೀರಾದರೂ ಕುಡಿಯಿರಿ ಎಂದು ಅತ್ತೆಯ ಹತ್ತಿರ ಜಗಳವಾಡಿ ಒಪ್ಪಿಸಿದೆ.

ಬೆಳಗಾಗಿ ಯಜಮಾನರು ಅಂಗಡಿಗೆ ಹೋದ ಮೇಲೆ ಮಿಷನ್ನನ್ನೂ ಬುತ್ತಿಯನ್ನೂ ಚೀಲಕ್ಕೆ ತುರುಕಿ ಹೊರಟೆ. ಅತ್ತೆ ತಾವೂ ಬರುತ್ತೇನೆ ಎಂದು ಬಾಗಿಲಲ್ಲಿ ನಿಂತಿದ್ದರು. ಎಲ್ಲೆಲ್ಲಿ ನಡೆದೆ ಅಂತ ನನಗೆ ಗೊತ್ತು, ನಿನಗೆ ಗೊತ್ತಾ ಎಂದರು. ಮುದುಕರ ಹತ್ತಿರ ವಾದ ಮಾಡಿ ಗೆದ್ದವರುಂಟೇ? ಹರಿಹರದವರೆಗೆ ಒಂದು ಬಸ್ಸು, ಅಲ್ಲಿಂದ ನಂದಿಗುಡಿಗೆ ಇನ್ನೊಂದು. ಎರಡನೇ ಬಸ್ಸಿನ ಕಂಡಕ್ಟರ್ ಚೀಲದಿಂದ ಹೊರಗೆ ಇಣುಕುತ್ತಿದ್ದ ತಟ್ಟೆಯನ್ನು ನೋಡಿ ಇದೇನಮ್ಮಾ ಎಂದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಮಂಡಿನೋವಿಗೆ ಶಾಖ ಕೊಡುವ ಮಿಷನ್ನು, ಡಾಕ್ಟರು ಬರೆದುಕೊಟ್ಟಿದ್ದಾರೆ ಎಂದುಬಿಟ್ಟರು. ಅವನು ಮುಂದಿನ ಸೀಟಿನವರನ್ನು ಎಬ್ಬಿಸಿ ಇಬ್ಬರನ್ನೂ ಕೂರಿಸಿದ. ಲಿಂಗಪೂಜೆ ಇಲ್ಲದೆ ನೀರಿಗೂ ಅನುಮಾನಿಸುವ ಹೆಂಗಸು ಸುಳ್ಳನ್ನು ಮಾತ್ರ ಎಷ್ಟು ಸಲೀಸಾಗಿ ಹೇಳಿದರು ನೋಡಿ.

ಗದ್ದೆಯ ಅಂಚಿನ ಬೇವಿನ ಮರದ ಕೆಳಗೆ ಅವರನ್ನು ಕೂರಿಸಿ, ಚಪ್ಪಲಿ ಬಿಟ್ಟು ಬದುವಿಗೆ ಹತ್ತಿದೆ. ಮೊದಲ ಹೆಜ್ಜೆಗೇ ಚೂಪು ದನಿ. ಬೆಳ್ಳಿ! ಚೀಲದಲ್ಲಿ ತಂದಿದ್ದ ಕಳೆ ತೆಗೆಯುವ ಕುರ್ಚಿಗೆಯಿಂದ ಅಗೆದೆ. ಏನೂ ಇಲ್ಲ. ಎರಡು ಹೆಜ್ಜೆ ಮುಂದೆ ಮತ್ತೆ ಅದೇ ದನಿ, ಮತ್ತೆ ಅಗೆದೆ, ಬರೀ ಕೆಸರು. ಹೀಗೆ ಒಂಬತ್ತು ಗುಂಡಿ. ಬೆವರು ಕಣ್ಣಿಗಿಳಿಯುತ್ತಿತ್ತು. ಗದ್ದೆ ಮಾಡುವವರು ಓಡಿ ಬಂದರು. ಬದು ತೂತಾದರೆ ನಿಂತ ನೀರೆಲ್ಲ ಪಕ್ಕದವರ ಗದ್ದೆಗೆ ಹೋಗುತ್ತದೆ, ಅಷ್ಟಕ್ಕೂ ನಿಧಿ ಇದ್ದಿದ್ದರೆ ನಮ್ಮ ಅಜ್ಜ ಬಿಡುತ್ತಿದ್ದನೇ ಎಂದು ಗೊಣಗುತ್ತಾ ಗುಂಡಿಗಳಿಗೆ ಮಣ್ಣು ಮೆತ್ತಿದರು. ನನಗೆ ಅಳು ಬರುವ ಹಾಗಿತ್ತು. ಸಿಟ್ಟಿನಲ್ಲಿ ಮಿಷನ್ನನ್ನು ಕಾಲುವೆಗೆ ಎಸೆದುಬಿಡಬೇಕು ಅನ್ನಿಸಿತು. ಅತ್ತ ನೋಡಿದರೆ ಅತ್ತೆ ಮರಕ್ಕೆ ಒರಗಿದ್ದಾರೆ, ಮಡಿಲಲ್ಲಿಟ್ಟ ಕೈ ನಡುಗುತ್ತಿದೆ. ಇನ್ನು ಎಷ್ಟು ಹೊತ್ತು ಹೀಗೆ ಇರಬಲ್ಲರು ಎಂದು ಲೆಕ್ಕ ಹಾಕಲು ಹೆದರಿಕೆಯಾಯಿತು.

ಅವರು ಕೈಸನ್ನೆ ಮಾಡಿ ಕರೆದರು. ಹೋದೆ.

"ಅದು ನೆಲ ನೋಡಿ ಕೂಗ್ತಿಲ್ಲ ಕಣವ್ವಾ. ನಿನ್ನ ಕಾಲು ನೋಡಿ ಕೂಗಾಕತ್ತೈತೆ."

ತಲೆ ಬಗ್ಗಿಸಿ ನೋಡಿಕೊಂಡೆ. ಬೆರಳಿಗೆ ಎರಡೆರಡು ಬೆಳ್ಳಿಯ ಕಾಲುಂಗುರ. ಖಾಲಿ ಸೈಟಿನಲ್ಲಿ ಜಾಗವಿತ್ತು, ಕೋಲನ್ನು ದೂರ ಚಾಚಿ ಆಡಿಸುತ್ತಿದ್ದೆ. ಈ ಸಣ್ಣ ಬದುವಿನ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯುವಾಗ ತಟ್ಟೆ ಪ್ರತಿ ಸಲವೂ ನನ್ನ ಪಾದದ ಮೇಲೇ ಬರುತ್ತಿತ್ತು. ವಿಡಿಯೋದ ಮುದುಕಿ ಮೊಣಕಾಲುದ್ದದ ಬೂಟು ಹಾಕಿರುತ್ತಾಳೆ, ಅವಳಿಗೇನು ಗೊತ್ತು ಕಾಲುಂಗುರದ ಕಷ್ಟ?

"ತೆಗಿ," ಎಂದರು ಅತ್ತೆ.

ನನಗೆ ಅಂಥ ನಂಬಿಕೆಗಳೇನೂ ದೊಡ್ಡದಾಗಿಲ್ಲ. ಆದರೂ ಗಂಡನ ತಾಯಿಯ ಎದುರಿಗೆ ಕಾಲುಂಗುರ ತೆಗೆಯುವುದು ಹೇಗೆ? ಮಾವ ತೀರಿಕೊಂಡಾಗ ಇದೇ ಅತ್ತೆಯ ಕಾಲಿನಿಂದ ನಾಲ್ಕು ಜನ ಹೆಂಗಸರು ಅವನ್ನು ಬಿಚ್ಚುವಾಗ ನಾನು ನೋಡಲಾರದೆ ಹಿತ್ತಲಿಗೆ ಹೋಗಿ ನಿಂತಿದ್ದೆ. ಅವರಿಗೆ ನನ್ನ ಮುಖ ಓದುವುದು ಗೊತ್ತು.

"ನನ್ನ ಮಗನಿಗೆ ಏನೂ ಆಗಂಗಿಲ್ಲ, ತೆಗಿ. ನಂದು ತೆಗೆಯೋ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿತ್ತು. ಉಂಗುರ ಏನು ತಡೀತು?"

ಕೂತು ಎಳೆದೆ, ಬರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಬೆರಳು ದಪ್ಪವಾಗಿತ್ತು. ಅತ್ತೆ ನನ್ನ ಪಾದವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹಿರಿಯರು, ನನ್ನ ಕೆಸರು ಕಾಲು ಮುಟ್ಟುವುದೇ? ಹಿಂದಕ್ಕೆ ಎಳೆದುಕೊಂಡೆ. ಸುಮ್ಮನಿರು ಎಂದು ಗದರಿದರು. ಕಾಲುವೆಯ ಜಾರು ಕೆಸರನ್ನು ಬೆರಳಿಗೆ ಸವರಿ, ತಿರುವಿ ತಿರುವಿ ಒಂದೊಂದಾಗಿ ನಾಲ್ಕನ್ನೂ ಬಿಡಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ಬೆರಳು ಬಾತು ವಾರದವರೆಗೆ ಹಾಕಿಕೊಳ್ಳಲು ಆಗಲಿಲ್ಲ. ಅವರ ಮಗನಿಗೆ ಅದು ಗೊತ್ತೇ ಆಗಲಿಲ್ಲ, ಆ ಮಾತು ಬೇರೆ.

ಈಗ ಮಿಷನ್ ಬಾಯಿ ಮುಚ್ಚಿತು. ಅತ್ತೆ ಕುಳಿತಲ್ಲಿಂದಲೇ ಹೇಳುತ್ತಾ ಹೋದರು: ಇಲ್ಲಿಂದ ಶುರು ಮಾಡಿದೆ, ಆ ಮೂಲೆಯಲ್ಲಿ ನಿಂತು ದಮ್ಮು ತೆಗೆದುಕೊಂಡೆ, ಅಲ್ಲಿ ಕಾಲು ಜಾರಿತ್ತು. ನಾನು ಸಾರಿಸುವಂತೆ ತಟ್ಟೆಯನ್ನು ಆಡಿಸುತ್ತಾ ನಡೆದೆ. ಮೊದಲ ಬದುವಿನಲ್ಲಿ ಏನಿಲ್ಲ. ಎರಡನೆಯದರಲ್ಲಿ ದಪ್ಪ ದನಿ, ತುಕ್ಕು ಹಿಡಿದ ಕುಡುಗೋಲಿನ ತುಂಡು. ಅವರ ಕಾಲು ಜಾರಿದ ಜಾಗ ಮೂರನೆಯ ಬದುವಿನಲ್ಲಿ, ನೀರು ಬಿಡುವ ಮಡೆಯ ಹತ್ತಿರ. ಅಲ್ಲಿ ಎಮ್ಮೆಯ ಗೊರಸಿನ ಗುಳಿಯೊಂದರ ಮೇಲೆ ತಟ್ಟೆ ಹೋದಾಗ ಚೂಪು ದನಿ ಬಂತು. ನನ್ನ ಪಾದ ನೋಡಿಕೊಂಡೆ, ಬರಿಗಾಲು. ಮತ್ತೆ ಆಡಿಸಿದೆ. ಮತ್ತೆ ಬಂತು.

ಬೆರಳಿನಿಂದ ಕೆಸರು ಸರಿಸಿದೆ. ಮೊದಲು ದಾರದ ತುಂಡು, ಅದರ ಕೆಳಗೆ ಬೆಳ್ಳಿಯ ಅಂಚು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಇನ್ನೊಬ್ಬರ ಲಿಂಗವನ್ನು ಮುಟ್ಟುವಂತಿಲ್ಲ. ಎದ್ದು ನಿಂತು ಎರಡೂ ಕೈ ಎತ್ತಿದೆ. ಅತ್ತೆ ಮರ ಹಿಡಿದುಕೊಂಡು ಎದ್ದರು. ಗದ್ದೆ ಮಾಡುವವರು ಒಂದು ಕಡೆ, ನಾನು ಓಡಿಹೋಗಿ ಇನ್ನೊಂದು ಕಡೆ ಹಿಡಿದು ಕರೆತಂದೆವು. ಮಂಡಿಯೂರಿ ಕೂತು ತಾವೇ ಎರಡು ಕೈಯಿಂದ ಎತ್ತಿಕೊಂಡರು, ಎಳೆ ಕೂಸನ್ನು ಬಚ್ಚಲಿನಿಂದ ಎತ್ತಿಕೊಳ್ಳುವ ಹಾಗೆ. ಬಿಚ್ಚಿ ನೋಡಿದರು. ಒಳಗೆ ಒಂದು ಹನಿ ನೀರೂ ಹೋಗಿರಲಿಲ್ಲ. ಕಣ್ಣಿಗೆ ಒತ್ತಿಕೊಂಡರು. ನಾನು ಅವರ ಬೆನ್ನು ಸವರುತ್ತಾ ಕೂತೆ.

ಕಾಲುವೆಯಲ್ಲಿ ಕೈಕಾಲು ಮುಖ ತೊಳೆದು, ಚೀಲದಲ್ಲಿದ್ದ ವಿಭೂತಿ ಹಚ್ಚಿಕೊಂಡು, ಬೇವಿನ ನೆರಳಲ್ಲಿ ಅಂಗೈ ಚಾಚಿ ಪೂಜೆಗೆ ಕೂತರು. ಗದ್ದೆ ಮಾಡುವವರು ಬದುವಿನ ತುಂಬೆ ಹೂ ಕಿತ್ತು ಕೊಟ್ಟರು. ನಾನು ಬುತ್ತಿ ಬಿಚ್ಚಿ ಕಾಯುತ್ತಿದ್ದೆ: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಇನ್ನೇನು ಉಣ್ಣುತ್ತಾರೆ, ಒಂದು ತುತ್ತು ಒಳಗೆ ಹೋದರೆ ಸಾಕು, ಗುಳಿಗೆ ಕೊಡಬಹುದು ಎಂದು ನನ್ನ ಜೀವವೆಲ್ಲ ಆ ರೊಟ್ಟಿಯಲ್ಲೇ ಇತ್ತು.

ಪೂಜೆ ಮುಗಿಯಿತು. ಅತ್ತೆ ರೊಟ್ಟಿ ಮುರಿದು, ಚಟ್ನಿಗೆ ಒತ್ತಿ, ಮೊಸರಲ್ಲಿ ಅದ್ದಿದರು. ಆ ಕೈ ಅವರ ಬಾಯಿಗೆ ಹೋಗಲಿಲ್ಲ, ನನ್ನ ಬಾಯಿಯ ಹತ್ತಿರ ಬಂದು ನಿಂತಿತು.

"ನಿಮ್ಮದು ಮೊದಲಾಗಲಿ ಅತ್ತೀ," ಎಂದೆ.

"ನಿನ್ನೆ ರಾತ್ರಿ ನೀನೂ ಉಂಡಿಲ್ಲ, ನಿನ್ನ ತಾಟು ಒಣಗಿಕೊಂಡೇ ಇತ್ತು," ಎಂದರು. "ಬಾಯಿ ತೆಗಿ. ನೀನು ಉಣ್ಣದೆ ನನಗೆ ಇಳಿಯಂಗಿಲ್ಲ."