ಗುಮ್‌ರ್ಯೆಯ ಆಲೂಗೆಡ್ಡೆ ಹಾಳೆ ಮತ್ತು ನಾರುವ ಹಕ್ಕು

ಪ್ಯೊ ಗುಮ್‌ರ್ಯೆಗೆ ಪ್ಲಾಸ್ಟಿಕ್ ಹಾಳೆ ಕಾರ್ಖಾನೆಯಿಂದ ಬರಬೇಕಾದ ಸಂಬಳ ಇವತ್ತಿಗೂ ಬಂದಿಲ್ಲ. ಧಣಿ ಗೇಟಿಗೆ ಬೀಗ ಜಡಿದು ಓಡಿಹೋದಾಗ, ಅಲ್ಲೇ ದುಡಿಯುತ್ತಿದ್ದ ನಾನೂ ಅವಳೂ ಅದೇ ಗೇಟಿನ ಮುಂದೆ ಚಳಿಗಾಲವಿಡೀ ಕೂತಿದ್ದೆವು. ದುಡ್ಡು ಬರಲಿಲ್ಲ. ಹಾಳೆ ಮಾಡುವ ಕಸುಬು, ಕೂತಲ್ಲಿಂದ ಏಳದ ಹಟ ಅವಳ ಜೊತೆ ಬಂದವು.

ಅವಳು ಬೆಟ್ಟಸೀಮೆಯ ತವರೂರು ಜೊಂಗ್‌ಸೊನ್‌ಗೆ ಮರಳಿದಳು. ಅಲ್ಲಿ ಹಿಮ ಹೊಡೆದ ಆಲೂಗೆಡ್ಡೆಯನ್ನು ಯಾರೂ ಎಸೆಯುವುದಿಲ್ಲ. ಜಾಡಿಯ ನೀರಿನಲ್ಲಿ ಕೊಳೆಸಿ, ನಾತ ಹೋಗುವವರೆಗೆ ತೊಳೆದು, ತಳದಲ್ಲಿ ಕೂತ ಪಿಷ್ಟವನ್ನು ಒಣಗಿಸುತ್ತಾರೆ. ಊರಿನ ಹೆಂಗಸರ ಸಂಘ ಚೊಂಗುಕ್‌ಜಾಂಗ್ ಮಾರುತ್ತಿತ್ತು: ಬೆಂದ ಸೋಯಾ ಕಾಳನ್ನು ಹುಲ್ಲಿನ ಮೇಲೆ ಬೆಚ್ಚಗಿಟ್ಟು ಹುಳಿಸಿದ ಉಂಡೆ. ಪ್ಲಾಸ್ಟಿಕ್ಕಿನೊಳಗೆ ಅದು ಬೆವರಿ ಕಪ್ಪು ಬೂಷ್ಟು ಹಿಡಿಯುತ್ತಿತ್ತು. ಗುಮ್‌ರ್ಯೆ ಪಿಷ್ಟದ ಗಂಜಿ ಕಾಯಿಸಿ, ಗ್ಲಿಸರಿನ್ನನ್ನೂ ಬೂಷ್ಟು ತಡೆಯುವ ಪೈನ್ ಎಲೆಯ ಸಾರವನ್ನೂ ಬೆರೆಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ ಒಣಗಿಸಿದಳು. ಮೇಲೆ ಜೇನುಮೇಣ ಸವರಿದಳು. ಮಣ್ಣಿಗೆ ಹಾಕಿದರೆ ಕರಗುವ ಹಾಳೆ. ಬೂಷ್ಟಿನ ಮೇಲಿನ ಸಿಟ್ಟಿಗೆ ಸಾರವನ್ನು ಮಾತ್ರ ಕೈ ಹಿಡಿಯದೆ ಸುರಿದಿದ್ದಳು.

ಉಂಡೆಗಳನ್ನು ಅದರಲ್ಲಿ ಸುತ್ತಿ ಕಟ್ಟಿದಾಗ ಬೂಷ್ಟು ಬರಲಿಲ್ಲ. ಆದರೆ ಚಮಚ ಎತ್ತಿದರೆ, ಚೆನ್ನಾಗಿ ಹುಳಿ ಬಂದ ಕಾಳಿಗೆ ಇರಲೇಬೇಕಾದ ಅಂಟು ನೂಲೂ ಏಳಲಿಲ್ಲ, ನಾತವೂ ಇಲ್ಲ.

“ಅಕ್ಕಾ, ಇದು ಕಾಳಲ್ಲ, ಹೆಣ,” ಎಂದಳು ಸಂಘದ ಮಾಕ್‌ಸುನ್. “ಹುಳಿಸೋ ಜೀವಾನೂ ಕೊಂದು ಹಾಕಿದ್ದೀಯಲ್ಲ!”

“ಬಾಯ್ಮುಚ್ಚು. ನಂಗೇನು ಮೂಗಿಲ್ವಾ?”

ಸಾರ ಕಡಿಮೆ ಮಾಡುತ್ತಾ, ಮತ್ತೆ ಕೆಡಿಸುತ್ತಾ, ಕೊನೆಗೆ ಹದ ಸಿಕ್ಕಿತು. ಬೂಷ್ಟು ದೂರ ನಿಂತಿತು, ನೂಲು ಎದ್ದಿತು, ಮನೆಯಿಡೀ ನಾರಿತು.

ಆಗ ರಾಜಧಾನಿ ಸೋಲ್‌ನ ದೊಡ್ಡ ಅಂಗಡಿಯೊಂದರ ಖರೀದಿಯವನು, ಗ್ವಾಕ್ ಎಂಬಾತ ಬಂದ. ಹೊಸ ಕಟ್ಟಿಗೆ ಮೂಗು ಮುಚ್ಚಿಕೊಂಡ. ಮೂಲೆಯಲ್ಲಿದ್ದ ಹಳೆಯ ಸತ್ತ ಕಟ್ಟನ್ನು ಎತ್ತಿಕೊಂಡ.

“ಅಮ್ಮಾವ್ರೇ, ಇದೇ ಬೇಕು! ಅಪಾರ್ಟ್‌ಮೆಂಟಿನವರು ನಾತಕ್ಕೆ ಹೆದರ್ತಾರೆ. ಇದು ಕೆಡಲ್ಲ, ನಾರಲ್ಲ. ವರ್ಷದ ಆರ್ಡರ್ ಕೊಡ್ತೀನಿ.”

“ಕೆಡಲ್ಲ ಯಾಕೆ ಗೊತ್ತಾ? ಒಳಗೆ ಏನೂ ಬದುಕಿಲ್ಲ.”

“ಗಿರಾಕಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ?”

“ಗೊತ್ತಾಗಲ್ಲ ಅಂತಾನೇ ನೀವು ಬಂದಿರೋದು. ಹೆಣಕ್ಕೆ ಹೊದಿಸಕ್ಕೆ ನನ್ನ ಹಾಳೆ ಸಿಗಲ್ಲ.”

ಮಾಕ್‌ಸುನ್ ಅವಳನ್ನು ಪಕ್ಕಕ್ಕೆಳೆದಳು. “ಅಕ್ಕಾ, ಈ ಆರ್ಡರ್ ಹೋದ್ರೆ ಸಂಘದ ಒಲೆ ಆರುತ್ತೆ.”

“ಆರಿದ ಒಲೆ ಮತ್ತೆ ಹಚ್ಚಬಹುದು ಕಣೇ. ಸತ್ತ ಕಾಳಿಗೆ ಏನ್ಮಾಡ್ತೀಯ?”

ಸಂಘದಲ್ಲಿ ಕೈ ಎತ್ತಿಸಿದರು. ಗುಮ್‌ರ್ಯೆ ಕಡೆಗೆ ಒಂದೇ ಕೈ ಹೆಚ್ಚು. ಅದು ಬೈಯುತ್ತಲೇ ಎತ್ತಿದ ಮಾಕ್‌ಸುನ್‌ಳದು. ಗ್ವಾಕ್ ಕಾರು ಹತ್ತಿ ಹೋದ.

ಈಗ ಗುಮ್‌ರ್ಯೆ ಸಂತೆಯಲ್ಲಿ ಕೂತು ಮಾರುತ್ತಾಳೆ. ಅರ್ಧದಷ್ಟು ಕಟ್ಟುಗಳು ಮಿಕ್ಕಿ ವಾಪಸು ಬರುತ್ತವೆ. ಮೊನ್ನೆ ಬಸ್ಸಿನ ಡ್ರೈವರ್ ಅವಳ ಬುಟ್ಟಿ ಕಂಡು ಇಳಿ ಎಂದ.

“ನಂಗೆ ಟಿಕೆಟ್ ಇದೆ. ನಾತಕ್ಕೂ ಒಂದು ಬೇಕಾದ್ರೆ ಹರಿದು ಕೊಡಪ್ಪ,” ಎಂದು ಅಲ್ಲೇ ಕೂತಳು. ಬಸ್ಸು ಹೊರಟಿತು.

ಓದಿದವರೇ, ಭೇಷ್ ಎನ್ನಬೇಡಿ. ಅದರಿಂದ ಒಲೆ ಉರಿಯುವುದಿಲ್ಲ. ಸಂತೆಗೆ ಬನ್ನಿ. ನಾರುವ ಕಟ್ಟನ್ನೇ ಕೊಳ್ಳಿ, ಹಾಳೆಯನ್ನು ಹೂಕುಂಡದಲ್ಲಿ ಹೂಳಿ, ಉಂಡೆ ಹಾಕಿ ಸಾರು ಕುದಿಸಿ. ಪಕ್ಕದ ಮನೆಯವರು ಜಗಳಕ್ಕೆ ಬಂದರೆ ಕಿಟಕಿ ಮುಚ್ಚಬೇಡಿ. ಕೂರಿಸಿ, ಬಡಿಸಿ.