ಭುಜದ ಮೇಲಿನ ಕೈ

ಹಾರ ಹಾಕಿದ ಫೋಟೋ ಯಾರ ಮನೆಯಲ್ಲಿ ಕಂಡರೂ ನಾನೀಗ ಮುಖ ನೋಡುವುದಿಲ್ಲ, ಭುಜ ನೋಡುತ್ತೇನೆ. ಮನೆಯವರು ಕಾಫಿ ತಂದಿಟ್ಟು ಏನೋ ಹೇಳುತ್ತಿರುತ್ತಾರೆ, ನನ್ನ ಕಣ್ಣು ಮಾತ್ರ ಅಲ್ಲೇ. ಹಾಳು ಅಭ್ಯಾಸ. ಒಬ್ಬ ಹುಡುಗಿಯಿಂದ ಅಂಟಿಕೊಂಡದ್ದು.

ವಿಜಯನಗರದಲ್ಲಿ ನನ್ನದೊಂದು ಸ್ಟುಡಿಯೋ. ಮದುವೆ, ಸೀಮಂತ, ಗೃಹಪ್ರವೇಶ ಅಂತ ವಿಡಿಯೋ ಮಾಡಿ ಮಾಡಿ ತಲೆ ಕೆಟ್ಟಿದ್ದಾಗ ಗೆಳತಿಯೊಬ್ಬಳು ಹಿಡಿದುಕೊಂಡಳು. ಅವಳು ಆಪ್ತ ಸಮಾಲೋಚಕಿ. ಮನೆಯಲ್ಲಿ ಸಾವನ್ನೋ ಹೊಡೆತವನ್ನೋ ಕಂಡು ಒಳಗೇ ಮುದುಡಿಹೋದ ಹದಿಹರೆಯದವರನ್ನು ನೋಡುವವಳು. "ಬಾಯಲ್ಲಿ ಹೇಳಕ್ಕಾಗದೇ ಇರೋದನ್ನ ಕ್ಯಾಮೆರಾದಲ್ಲಿ ತೋರಿಸ್ತಾರೇನೋ ನೋಡೋಣ, ಭಾನುವಾರ ಬಾರೇ" ಎಂದಳು. ಗೋವಿಂದರಾಜನಗರದಲ್ಲಿ ಹಿಟ್ಟಿನ ಗಿರಣಿಯ ಮೇಲೊಂದು ಕೋಣೆ. ಏನಾಯಿತೆಂದು ಯಾರನ್ನೂ ಕೇಳಕೂಡದು. ಮಕ್ಕಳು ಮನೆಯಲ್ಲಿ ಮೊಬೈಲಿನಿಂದ ತೆಗೆದು ತಂದದ್ದನ್ನು ಸುಮ್ಮನೆ ಕೂತು ನೋಡಬೇಕು. ಸುಮ್ಮನಿರುವುದು ನನಗೆ ಹುಟ್ಟಿನಿಂದ ಬಂದಿಲ್ಲ, ಆದರೂ ಒಪ್ಪಿಕೊಂಡೆ.

ಆ ಹುಡುಗಿ ಪಿಯುಸಿ ಓದುತ್ತಿದ್ದಳು. ಮಾಗಡಿ ರಸ್ತೆ ದಾಟುವಾಗ ಅವಳ ಅಮ್ಮ ಲಾರಿಗೆ ಸಿಕ್ಕಿ ತೀರಿಕೊಂಡಿದ್ದರು. ಇವಳು ಜೊತೆಯಲ್ಲೇ ಇದ್ದಳಂತೆ. ಅಂದಿನಿಂದ ಅಪ್ಪನ ಹತ್ತಿರ ಮಾತಿಲ್ಲ. ಗೆಳತಿ ಹೇಳಿದ್ದು ಅಷ್ಟೇ.

ಅವಳು ತರುತ್ತಿದ್ದುದು ಬರೀ ಮನೆಯ ವಿಡಿಯೋ. ಅಡುಗೆಮನೆ, ಮೆಟ್ಟಿಲು, ನಡುಮನೆ. ನಡುಮನೆಯ ಒಂದು ಗೋಡೆ ಹತ್ತಿರವಾದೊಡನೆ ಕ್ಯಾಮೆರಾ ಗಕ್ಕನೆ ನೆಲಕ್ಕೆ ಇಳಿಯುತ್ತಿತ್ತು. ಪ್ರತಿ ಸಲವೂ. ಆಮೇಲೆ ಅವಳ ಪಾದ, ಅವಳ ಉಸಿರಿನ ಸದ್ದು. ಮನೆಗೆ ಹೋದರೂ ಆ ಉಸಿರು ನನ್ನ ಕಿವಿ ಬಿಡುತ್ತಿರಲಿಲ್ಲ. ಒಂದು ಭಾನುವಾರ ತಡೆಯಲಾಗದೆ, "ಅಲ್ಲಮ್ಮಾ, ಆ ಗೋಡೇಲಿ ಏನು ದೆವ್ವ ಇದೆಯಾ?" ಅಂದುಬಿಟ್ಟೆ. ಗೆಳತಿ ನನ್ನ ತೊಡೆ ಚಿವುಟಿದಳು. ಹುಡುಗಿ ನನ್ನನ್ನೇ ನೋಡುತ್ತಾ, "ಹೂಂ ಆಂಟಿ" ಅಂದಳು. ಆಂಟಿ ಅಂದರೆ ನನಗೆ ಉರಿದುಹೋಗುತ್ತದೆ. ಅವತ್ತು ಉರಿಯಲಿಲ್ಲ, ಹೆದರಿಕೆಯಾಯಿತು.

ಬೇಸಿಗೆ ರಜೆಗೆ ಮುಂಚೆ ಮನೆಯವರನ್ನೆಲ್ಲ ಕರೆದು, ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರಿನಲ್ಲಿ ಮಕ್ಕಳ ವಿಡಿಯೋ ತೋರಿಸಿದೆವು. "ನಂದು ಅಪ್ಪನ ಮುಂದೇನೇ ಹಾಕಿ" ಎಂದು ಅವಳೇ ಹಟ ಹಿಡಿದಿದ್ದಳು. ಅಪ್ಪ ರಾಜಾಜಿನಗರದ ಲೇತ್ ವರ್ಕ್‌ಶಾಪಿನಿಂದ ನೇರ ಬಂದು ಬಾಗಿಲ ಹತ್ತಿರ ಕೂತರು.

ಈ ಸಲ ಕ್ಯಾಮೆರಾ ಕೆಳಗಿಳಿಯಲಿಲ್ಲ. ಗೋಡೆ, ಗಂಧದ ಹಾರ, ಅಮ್ಮನ ಫೋಟೋ. ಹಿಂದೆ ಬರೀ ನೀಲಿ ಬಣ್ಣ. ಯಾವುದೋ ಸಮಾರಂಭದ ಫೋಟೋದಿಂದ ಒಬ್ಬರನ್ನೇ ಬಿಡಿಸಿ ಹೀಗೆ ಕೂರಿಸುವುದು ನಮ್ಮ ಕಸುಬಿನಲ್ಲಿ ದಿನದ ಕೆಲಸ. ಕ್ಯಾಮೆರಾ ಅಮ್ಮನ ಭುಜಕ್ಕೆ ಹೋಗಿ ನಿಂತಿತು. ಅಲ್ಲಿ ಸೀರೆ ಮಸುಕಾಗಿತ್ತು.

ಅವಳ ದನಿ ಕೇಳಿಸಿತು: "ಇಲ್ಲಿ ನನ್ನ ಕೈ ಇತ್ತು. ಅತ್ತೆ ಮಗಳ ಮದುವೇಲಿ ತೆಗೆದಿದ್ದು. ಅಪ್ಪ ಸ್ಟುಡಿಯೋದವರಿಗೆ ಹೇಳಿ ಅಳಿಸಿದ್ರು. ರಸ್ತೇಲಿ ನಾನು ಅಮ್ಮನ ಕೈ ಬಿಟ್ಬಿಟ್ಟೆ ಅಂತ ಅಪ್ಪಂಗೆ ಗೊತ್ತು. ಅದಕ್ಕೇ ಅಳಿಸಿದ್ರು."

ಅಪ್ಪ ಎದ್ದು ಮುಂದೆ ಬಂದರು. ಕೈ ಅಳಿಸಿದ ಆ ಭುಜದ ಚಿತ್ರ ಅವರ ಅಂಗಿಯ ಮೇಲೆ ಬಿತ್ತು.

"ಅಯ್ಯೋ ಹುಚ್ಚೀ! ಹಾರ ಹಾಕೋ ಫೋಟೋದಲ್ಲಿ ಬದುಕಿರೋರ ಕೈ ಇರಬಾರದು ಅಂತ ಕಣೇ. ನಿಂಗೂ ಏನಾದ್ರೂ ಆಗ್ಬಿಟ್ರೆ ನಾನೇನ್ ಮಾಡ್ಲಿ?" ಎಂದರು ಅಪ್ಪ.

ಈ ಹೆದರಿಕೆ ಎಲ್ಲ ಮನೆಯಲ್ಲೂ ಇರುವುದೇ, ಸ್ಟುಡಿಯೋದವರು ಕಾರಣ ಕೂಡ ಕೇಳುವುದಿಲ್ಲ. ಒಂದೇ ಸೂರಿನಡಿ ಅಪ್ಪ ಹೆದರಿಕೊಂಡು, ಮಗಳು ಒಳಗೇ ಬೇಯುತ್ತಾ ಇಷ್ಟು ದಿನ! ಒಂದು ಮಾತು ಆಡಬಾರದಿತ್ತೇ? ಅಳುವೂ ಬಂತು, ಸಿಟ್ಟೂ ಬಂತು.

ಮುಂದಿನ ವಾರ ಅಪ್ಪ, ಮಗಳು ನನ್ನ ಸ್ಟುಡಿಯೋಗೆ ಬಂದರು. ಅಪ್ಪನ ಕೈಯಲ್ಲಿ ಅದೇ ಫೋಟೋ, ಹಾರವಿರಲಿಲ್ಲ.

"ಇವಳ ಕೈ ವಾಪಸ್ ಹಾಕ್ಕೊಡಿ ಮೇಡಂ. ಇನ್ಮೇಲೆ ಹಾರ ಹಾಕಲ್ಲ" ಎಂದರು. ಹೇಳುವಾಗಲೂ ಅವರ ಹೆದರಿಕೆ ಹೋಗಿರಲಿಲ್ಲ.

ಮದುವೆಯ ಫೋಟೋ ಅವರ ಮೊಬೈಲಿನಲ್ಲೇ ಇತ್ತು. ಕಂಪ್ಯೂಟರಿಗೆ ಹಾಕಿ ಭುಜವನ್ನು ದೊಡ್ಡದು ಮಾಡಿದೆ. ಮಗಳ ಬೆರಳುಗಳು ಅಮ್ಮನ ಸೆರಗನ್ನು ಮುದುರಿ ಹಿಡಿದಿದ್ದವು. ಹುಡುಗಿ ನನ್ನ ಬೆನ್ನ ಹಿಂದೆ ನಿಂತಿದ್ದಳು. ವಿಡಿಯೋದಲ್ಲಿ ಕೇಳಿದ್ದ ಅದೇ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

"ಗಟ್ಟಿಯಾಗೇ ಹಿಡ್ಕೊಂಡಿದೀನಿ ಅಲ್ವಾ ಆಂಟಿ?"

"ಹೂಂ ಕಣೇ, ಗಟ್ಟಿಯಾಗೇ ಹಿಡ್ಕೊಂಡಿದೀಯ."

ರಸ್ತೆಯ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಇನ್ನೊಂಚೂರು ದೊಡ್ಡದು ಮಾಡಿ" ಎಂದಳು. ಮಾಡಿದೆ.